ದತ್ತಾಂಶನೀತಿ ಮತ್ತು ಸಂಸ್ಥೆಯ ಧ್ಯೇಯ: ಒಂದು ವಿಮರ್ಶೆ

೧

ವಾಣಿಜ್ಯಶಾಸ್ತ್ರ, ಆಡಳಿತಶಾಸ್ತ್ರಗಳನ್ನು ಅಭ್ಯಸಿಸುವ ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಈಚೆಗೆ ಒಂದು ಸೂತ್ರವಾಕ್ಯವು ಬೇರೆಬೇರೆ ರೂಪಗಳಲ್ಲಿ ಮರಳಿ ಮರಳಿ ಕಾಣಿಸಿಕೊಳ್ಳುತ್ತಿದೆ. ಸಂಸ್ಥೆಯು ಮೊದಲು ತನ್ನ ವ್ಯವಹಾರದ ಧ್ಯೇಯಗಳನ್ನು ಗೊತ್ತುಮಾಡಿಕೊಳ್ಳಬೇಕು. ಅನಂತರ ಆ ಧ್ಯೇಯಗಳ ಸಾಧನೆಗೆ ಎಂಥ ದತ್ತಾಂಶ ಬೇಕಾಗುವುದೋ ಅದನ್ನು ಸಂಗ್ರಹಿಸಿ, ಶೋಧಿಸಿ, ಕಾಪಾಡಿ, ಉಪಯೋಗಿಸತಕ್ಕದ್ದು. ಒಟ್ಟಿನಲ್ಲಿ ಧ್ಯೇಯವು ಒಡೆಯ, ದತ್ತಾಂಶವು ಸೇವಕ ಎಂಬುದೇ ಆ ವಾಕ್ಯದ ತಾತ್ಪರ್ಯ. ಪಠ್ಯಪುಸ್ತಕಗಳೂ ಸಲಹಾಸಂಸ್ಥೆಗಳ ವರದಿಗಳೂ ಇದನ್ನೇ ಹೇಳುತ್ತಿರುವುದರಿಂದ ವಿದ್ಯಾರ್ಥಿಗಳು ಹಾಗೆ ಬರೆಯುವುದರಲ್ಲಿ ಆಶ್ಚರ್ಯವಿಲ್ಲ. ಅಧ್ಯಾಪಕರಾದ ನಾವು ಅದಕ್ಕೆ ಪೂರ್ಣಾಂಕಗಳನ್ನು ಕೊಡುವುದರಲ್ಲಿಯೂ ಆಶ್ಚರ್ಯವಿಲ್ಲ. ಆದರೆ ಒಂದು ವಾಕ್ಯವು ಪರೀಕ್ಷೆಯಲ್ಲಿ ಉತ್ತರವಾಗಿ ಸಂದ ಮಾತ್ರಕ್ಕೆ ಅದು ತಾನೇ ಪರೀಕ್ಷೆಗೆ ಒಳಪಟ್ಟಿದೆಯೆಂದು ಭಾವಿಸಲಾಗದು. ಆ ಸೂತ್ರದ ಗುಣದೋಷಗಳನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಮಾತಿನ ಅರ್ಥವನ್ನು ಖಚಿತಪಡಿಸಿಕೊಳ್ಳೋಣ. ಸಂಸ್ಥೆಯೊಂದು ಯಾವ ಸಂಗತಿಗಳನ್ನು ದಾಖಲೆ ಮಾಡುತ್ತದೆ, ಯಾರ ಕೈಯಿಂದ ಮಾಡಿಸುತ್ತದೆ, ಒಂದೊಂದು ಪದಕ್ಕೂ ಯಾವ ಅರ್ಥವನ್ನು ನಿಗದಿಪಡಿಸುತ್ತದೆ, ದಾಖಲೆಯನ್ನು ಯಾರ ವಶದಲ್ಲಿಡುತ್ತದೆ, ಯಾರಿಗೆ ತೋರಿಸುತ್ತದೆ, ಯಾವ ತೀರ್ಮಾನಕ್ಕೆ ಆಧಾರವಾಗಿ ಬಳಸುತ್ತದೆ—ಈ ಆರು ಪ್ರಶ್ನೆಗಳಿಗೆ ಮುಂಚಿತವಾಗಿ, ಪರಸ್ಪರ ಹೊಂದುವಂತೆ ಕೊಟ್ಟುಕೊಂಡ ಉತ್ತರಗಳ ಸಮೂಹವನ್ನು ನಾವು ದತ್ತಾಂಶನೀತಿಯೆಂದು ಕರೆಯುತ್ತೇವೆ. ಇದನ್ನು ದತ್ತಾಂಶ ಕಾರ್ಯತಂತ್ರವೆಂದು ಕರೆಯುವ ವಾಡಿಕೆಯೂ ಉಂಟು. ಆದರೆ ತಂತ್ರವೆಂಬ ಮಾತಿನಲ್ಲಿ ಗೆಲ್ಲುವ ಉಪಾಯ ಮಾತ್ರ ಧ್ವನಿತವಾಗುತ್ತದೆ. ನೀತಿಯೆಂಬ ಮಾತಿನಲ್ಲಿ ಉಪಾಯವೂ ಇದೆ, ನ್ಯಾಯವಾದ ನಡತೆಯೂ ಇದೆ. ಎರಡನ್ನೂ ಒಂದೇ ಪದದಲ್ಲಿ ಹೇಳುವ ಸೌಕರ್ಯವನ್ನು ನಮ್ಮ ಭಾಷೆ ಒದಗಿಸಿರುವಾಗ ಅದನ್ನು ಬಿಟ್ಟುಕೊಡಬೇಕಾಗಿಲ್ಲ.

ಮೇಲ್ಕಂಡ ಸೂತ್ರದಲ್ಲಿ ಸತ್ಯಾಂಶವಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಉದ್ದೇಶವಿಲ್ಲದ ಸಂಗ್ರಹ ಹೊರೆಯಾಗುತ್ತದೆ. ಗಣಕಯಂತ್ರಗಳ ಸಂಗ್ರಹಣಶಕ್ತಿ ಅಗ್ಗವಾದಂತೆಲ್ಲ, ಮುಂದೆಂದಾದರೂ ಬೇಕಾದೀತೆಂಬ ಆಸೆಯಿಂದ ಸಿಕ್ಕಿದ್ದನ್ನೆಲ್ಲ ತುಂಬಿಡುವ ಚಟ ಸಂಸ್ಥೆಗಳಿಗೆ ಅಂಟಿಕೊಂಡಿತು. ಒಂದೇ ಗ್ರಾಹಕನ ಹೆಸರು ಮೂರು ವಿಭಾಗಗಳಲ್ಲಿ ಮೂರು ರೀತಿಯಾಗಿ ಬರೆಯಲ್ಪಟ್ಟು, ಯಾವುದು ಸರಿಯೆಂದು ಹೇಳಬಲ್ಲವರೇ ಇಲ್ಲದ ಸ್ಥಿತಿ ಅಪರೂಪವಲ್ಲ. ಇಂಥ ಕಡೆಗಳಲ್ಲಿ ಧ್ಯೇಯವನ್ನು ಮೊದಲು ಕೇಳುವುದು ಕಸವನ್ನು ಕಾಳಿನಿಂದ ಬೇರ್ಪಡಿಸುವ ಮೊರದಂತೆ ಕೆಲಸಮಾಡುತ್ತದೆ. ನಮ್ಮ ಆಕ್ಷೇಪಣೆ ಸೂತ್ರದ ಮೊದಲ ಹೆಜ್ಜೆಯ ಮೇಲಲ್ಲ; ಅದು ಅಲ್ಲಿಗೇ ನಿಂತುಬಿಡುವುದರ ಮೇಲೆ.

೨

ಈ ವಿಷಯವನ್ನು ಕುರಿತ ಬರಹಗಳಲ್ಲಿ ವಿಚಾರಪೂರ್ಣವೂ ಪ್ರಭಾವಶಾಲಿಯೂ ಆದದ್ದೊಂದನ್ನು ಆರಿಸಿಕೊಂಡು ನೋಡುವುದು ನ್ಯಾಯ. ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯ ೨೦೧೭ರ ಮೇ-ಜೂನ್ ಸಂಚಿಕೆಯಲ್ಲಿ ಲಿಯಾಂಡ್ರೊ ಡಲ್ಲೆಮ್ಯೂಲ್ ಮತ್ತು ಥಾಮಸ್ ಡ್ಯಾವನ್‌ಪೋರ್ಟ್ ಅವರು ದತ್ತಾಂಶನೀತಿಗೆ ಒಂದು ಚೌಕಟ್ಟನ್ನು ರಚಿಸಿಕೊಟ್ಟರು. ಅವರ ಮತದಂತೆ ದತ್ತಾಂಶದ ಉಪಯೋಗವು ಎರಡು ಬಗೆ: ರಕ್ಷಣಾತ್ಮಕ ಮತ್ತು ಆಕ್ರಮಣಾತ್ಮಕ. ಕಾನೂನನ್ನು ಪಾಲಿಸುವುದು, ವಂಚನೆಯನ್ನು ಪತ್ತೆಹಚ್ಚುವುದು, ದಾಖಲೆಯ ಶುದ್ಧಿಯನ್ನು ಕಾಯುವುದು ಮೊದಲನೆಯದಕ್ಕೆ ಸೇರುತ್ತವೆ. ಆದಾಯ, ಲಾಭ, ಗ್ರಾಹಕರ ತೃಪ್ತಿಗಳನ್ನು ಹೆಚ್ಚಿಸುವುದು ಎರಡನೆಯದಕ್ಕೆ. ಎರಡೂ ಎಲ್ಲರಿಗೂ ಬೇಕು. ಆದರೆ ಎರಡಕ್ಕೂ ಸಮನಾಗಿ ಶಕ್ತಿವ್ಯಯ ಮಾಡುವುದು ಕಷ್ಟವಾದ್ದರಿಂದ, ನಿಯಂತ್ರಣ ಹೆಚ್ಚಾಗಿರುವ ಆಸ್ಪತ್ರೆಯಂಥ ಸಂಸ್ಥೆ ರಕ್ಷಣೆಯ ಕಡೆಗೂ, ಸ್ಪರ್ಧೆ ಹೆಚ್ಚಾಗಿರುವ ಚಿಲ್ಲರೆ ವ್ಯಾಪಾರದ ಸಂಸ್ಥೆ ಆಕ್ರಮಣದ ಕಡೆಗೂ ವಾಲುವುದು ಸಹಜವೆಂದು ಅವರು ವಾದಿಸುತ್ತಾರೆ.

ಅವರ ಇನ್ನೊಂದು ವಿಂಗಡಣೆ ಇದಕ್ಕಿಂತಲೂ ಬೆಲೆಯುಳ್ಳದ್ದು. ಸಂಸ್ಥೆಗೆ ಸತ್ಯದ ಮೂಲ ಒಂದೇ ಇರಬೇಕು. ಆ ಮೂಲದಿಂದ ಹೊರಡುವ ಸತ್ಯದ ಪಾಠಗಳು ಹಲವು ಇರಬಹುದು. ದೂರದರ್ಶನದ ಜಾಹೀರಾತಿಗೆ ಮಾಡಿದ ವೆಚ್ಚವನ್ನು ಮಾರಾಟ ವಿಭಾಗವು ಜಾಹೀರಾತು ಪ್ರಸಾರವಾದ ತಿಂಗಳಲ್ಲಿ ತೋರಿಸಿದರೆ, ಹಣಕಾಸು ವಿಭಾಗವು ಬಿಲ್ಲು ಪಾವತಿಯಾದ ತಿಂಗಳಲ್ಲಿ ತೋರಿಸುತ್ತದೆ. ಒಂದು ವಿಭಾಗವು ಜಾಹೀರಾತಿನ ಪರಿಣಾಮವನ್ನು ಅಳೆಯುತ್ತಿದೆ, ಇನ್ನೊಂದು ನಗದಿನ ಚಲನೆಯನ್ನು. ಎರಡೂ ಸುಳ್ಳಲ್ಲ. ನಮ್ಮ ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಮೂಲಪ್ರತಿ ಮತ್ತು ಪಾಠಾಂತರಗಳ ಸಂಬಂಧ ಪರಿಚಿತವಾದದ್ದು. ಲೇಖಕದ್ವಯರು ಅಂಥದೇ ಒಂದು ವಿವೇಕವನ್ನು ಲೆಕ್ಕದ ಪುಸ್ತಕಕ್ಕೆ ಅನ್ವಯಿಸಿದ್ದಾರೆಂದು ಹೇಳಬಹುದು.

ಇಷ್ಟನ್ನು ಮೆಚ್ಚಿಕೊಂಡ ಮೇಲೆಯೂ ಒಂದು ಕೊರತೆ ಉಳಿಯುತ್ತದೆ. ರಕ್ಷಣೆಯಾಗಲಿ ಆಕ್ರಮಣವಾಗಲಿ, ಎರಡೂ ಧ್ಯೇಯವನ್ನು ಸಿದ್ಧವಸ್ತುವಾಗಿ ಸ್ವೀಕರಿಸುತ್ತವೆ. ಧ್ಯೇಯವೇ ತಪ್ಪಾಗಿದ್ದರೆ ಅದನ್ನು ಹೇಳುವವರಾರು? ಸತ್ಯದ ಮೂಲವೆಂದು ಯಾವುದನ್ನು ಒಪ್ಪಿಕೊಂಡಿದ್ದೇವೆಯೋ ಅದರಲ್ಲಿಯೇ ದೋಷವಿದ್ದರೆ ಅದನ್ನು ತೋರಿಸಿಕೊಡುವ ದಾರಿ ಯಾವುದು? ಈ ಎರಡು ಪ್ರಶ್ನೆಗಳಿಗೆ ಆ ಚೌಕಟ್ಟಿನಲ್ಲಿ ಎಡೆಯಿಲ್ಲ. ಇವು ಕೇವಲ ತರ್ಕದ ಪ್ರಶ್ನೆಗಳೂ ಅಲ್ಲ. ಮೊದಲನೆಯದನ್ನು ಕೇಳದೆ ಹೋದುದರಿಂದ ಏನಾಯಿತೆಂಬುದಕ್ಕೆ ಅಮೆರಿಕದ ಒಂದು ಬ್ಯಾಂಕೂ, ಎರಡನೆಯದನ್ನು ಕೇಳದೆ ಹೋದುದರಿಂದ ಏನಾಯಿತೆಂಬುದಕ್ಕೆ ಬ್ರಿಟನ್ನಿನ ಒಂದು ಸಾರ್ವಜನಿಕ ಸಂಸ್ಥೆಯೂ ಸಾಕ್ಷಿಯಾಗಿ ನಿಂತಿವೆ.

೩

ಅಮೆರಿಕದ ದೊಡ್ಡ ಬ್ಯಾಂಕುಗಳಲ್ಲೊಂದಾದ ವೆಲ್ಸ್ ಫಾರ್ಗೊ ತನ್ನ ವ್ಯವಹಾರದ ಧ್ಯೇಯವನ್ನು ಅತ್ಯಂತ ಸ್ಪಷ್ಟವಾಗಿ ಗೊತ್ತುಮಾಡಿಕೊಂಡಿತ್ತು. ಹೊಸ ಗ್ರಾಹಕರನ್ನು ಹುಡುಕುವುದಕ್ಕಿಂತ ಇರುವ ಗ್ರಾಹಕರಿಗೇ ಇನ್ನಷ್ಟು ಖಾತೆ, ಕಾರ್ಡು, ಸಾಲಗಳನ್ನು ಮಾರಬೇಕು. ಒಂದೊಂದು ಕುಟುಂಬವೂ ಬ್ಯಾಂಕಿನ ಎಂಟು ಸೇವೆಗಳನ್ನು ಪಡೆದಿರಬೇಕು ಎಂಬುದು ಅದರ ಗುರಿ. ಗುರಿಗೆ ತಕ್ಕ ದತ್ತಾಂಶವೂ ಇತ್ತು. ಪ್ರತಿ ಶಾಖೆ, ಪ್ರತಿ ನೌಕರ, ಪ್ರತಿ ದಿನ ಎಷ್ಟು ಖಾತೆಗಳನ್ನು ತೆರೆದರೆಂಬುದು ಎಣಿಕೆಗೆ ಸಿಕ್ಕುತ್ತಿತ್ತು. ಬಡ್ತಿ, ಬಹುಮಾನ, ಬೈಗುಳಗಳೆಲ್ಲ ಆ ಎಣಿಕೆಯನ್ನು ಅನುಸರಿಸುತ್ತಿದ್ದುವು. ಕುಟುಂಬವೊಂದಕ್ಕೆ ಸರಾಸರಿ ಎಷ್ಟು ಸೇವೆಗಳೆಂಬ ಅಂಕಿಯನ್ನು ಬ್ಯಾಂಕು ತನ್ನ ಷೇರುದಾರರ ಮುಂದೆ ಹೆಮ್ಮೆಯಿಂದ ಇಡುತ್ತಿತ್ತು. ನಮ್ಮ ಪಠ್ಯಪುಸ್ತಕದ ಅಳತೆಯಿಂದ ನೋಡಿದರೆ ಇದು ಧ್ಯೇಯಕ್ಕೂ ದತ್ತಾಂಶಕ್ಕೂ ಹೊಂದಿಕೆಯಾದ ಆದರ್ಶ ವ್ಯವಸ್ಥೆ.

೨೦೧೩ರ ಡಿಸೆಂಬರಿನಲ್ಲಿ ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆ ಈ ವ್ಯವಸ್ಥೆಯ ಒಳಗನ್ನು ಬಯಲಿಗೆ ತಂದಿತು. ೨೦೧೬ರ ಸೆಪ್ಟೆಂಬರಿನಲ್ಲಿ ನಿಯಂತ್ರಣಾಧಿಕಾರಿಗಳು ಬ್ಯಾಂಕಿಗೆ ೧೮.೫ ಕೋಟಿ ಡಾಲರು ದಂಡ ವಿಧಿಸಿದಾಗ, ಗ್ರಾಹಕರ ಒಪ್ಪಿಗೆಯಿಲ್ಲದೆ ತೆರೆದಿರಬಹುದಾದ ಖಾತೆಗಳು ಸುಮಾರು ೨೦ ಲಕ್ಷವೆಂದು ಹೊರಬಿತ್ತು. ಮುಂದಿನ ವರ್ಷ ಆ ಅಂದಾಜು ೩೫ ಲಕ್ಷಕ್ಕೇರಿತು. ಸುಮಾರು ೫,೩೦೦ ನೌಕರರನ್ನು ಇದೇ ಕಾರಣಕ್ಕಾಗಿ ಅದುವರೆಗಿನ ಐದು ವರ್ಷಗಳಲ್ಲಿ ಕೆಲಸದಿಂದ ತೆಗೆದುಹಾಕಲಾಗಿತ್ತು. ೨೦೧೮ರ ಫೆಬ್ರುವರಿಯಲ್ಲಿ ಫೆಡರಲ್ ರಿಸರ್ವ್ ಬ್ಯಾಂಕಿನ ಒಟ್ಟು ಆಸ್ತಿಯ ಬೆಳವಣಿಗೆಗೇ ಮಿತಿ ಹಾಕಿತು. ಆ ಮಿತಿ ತೆರವಾದದ್ದು ೨೦೨೫ರ ಜೂನಿನಲ್ಲಿ. ೨೦೨೦ರಲ್ಲಿ ಬ್ಯಾಂಕು ಇನ್ನೂ ೩೦೦ ಕೋಟಿ ಡಾಲರು ತೆತ್ತು ಸರ್ಕಾರದೊಡನೆ ರಾಜಿಮಾಡಿಕೊಳ್ಳಬೇಕಾಯಿತು.

ಈ ಪ್ರಕರಣವನ್ನು ಕೆಲವು ನೌಕರರ ಅಪ್ರಾಮಾಣಿಕತೆಯೆಂದು ತಳ್ಳಿಹಾಕುವವರುಂಟು. ಆದರೆ ೫,೩೦೦ ಜನ ಒಂದೇ ಬಗೆಯಲ್ಲಿ ಅಪ್ರಾಮಾಣಿಕರಾದರೆ ಕಾರಣವನ್ನು ಜನರಲ್ಲಿ ಮಾತ್ರ ಹುಡುಕಬಾರದು, ವ್ಯವಸ್ಥೆಯಲ್ಲಿಯೂ ಹುಡುಕಬೇಕು. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ೧೯೭೫ರಲ್ಲಿ ಹಣದ ನಿಯಂತ್ರಣವನ್ನು ಕುರಿತು ಮಾಡಿದ ಅವಲೋಕನವೊಂದು ಈಗ ಅವರ ಹೆಸರಿನ ನಿಯಮವಾಗಿ ಪ್ರಸಿದ್ಧವಾಗಿದೆ: ಅಳತೆಗೋಲನ್ನೇ ಗುರಿಯಾಗಿಸಿದರೆ ಅದು ಅಳೆಯುವ ಗುಣವನ್ನು ಕಳೆದುಕೊಳ್ಳುತ್ತದೆಂಬುದು ಅದರ ಸಾರ. ವೆಲ್ಸ್ ಫಾರ್ಗೊದಲ್ಲಿ ಖಾತೆಗಳ ಸಂಖ್ಯೆಯು ಗ್ರಾಹಕರ ವಿಶ್ವಾಸದ ಅಳತೆಗೋಲಾಗಿ ಆರಂಭವಾಗಿ, ತಾನೇ ಗುರಿಯಾಗಿ ಬದಲಾಯಿತು. ಆ ಕ್ಷಣದಿಂದ ದತ್ತಾಂಶವು ನಡೆದದ್ದನ್ನು ಹೇಳುವುದನ್ನು ನಿಲ್ಲಿಸಿ, ನಡೆಯಬೇಕೆಂದು ಮೇಲಿನವರು ಬಯಸಿದ್ದನ್ನು ಹೇಳತೊಡಗಿತು. ಸೇವಕನು ಒಡೆಯನ ಮನಸ್ಸನ್ನರಿತು ಮಾತಾಡಲು ಕಲಿತನು.

ಗಮನಿಸಬೇಕಾದದ್ದು ಇನ್ನೊಂದಿದೆ. ಒಪ್ಪಿಗೆಯಿಲ್ಲದೆ ತೆರೆದ ಖಾತೆ ಸಾಮಾನ್ಯವಾಗಿ ಹಣ ಬೀಳದೆ ಬರಿದಾಗಿಯೇ ಇರುತ್ತದೆ, ಅಥವಾ ಬೇಗನೆ ಮುಚ್ಚಿಹೋಗುತ್ತದೆ. ಅಂದರೆ ಗುರಿಯ ಸುಳ್ಳನ್ನು ಬಯಲುಮಾಡಬಲ್ಲ ಸಂಗತಿಗಳು ಬೇರೆಲ್ಲೂ ಅಲ್ಲ, ಆ ಬ್ಯಾಂಕಿನ ಪುಸ್ತಕಗಳಲ್ಲಿಯೇ ಇದ್ದುವು. ದತ್ತಾಂಶದ ಅಭಾವ ಅಲ್ಲಿರಲಿಲ್ಲ. ತೆರೆದ ಖಾತೆಗಳ ಎಣಿಕೆಗೆ ಸಿಕ್ಕ ಸಿಂಹಾಸನ ಬರಿದಾದ ಖಾತೆಗಳ ಎಣಿಕೆಗೆ ಸಿಕ್ಕಲಿಲ್ಲ, ಅಷ್ಟೆ. ಧ್ಯೇಯಕ್ಕೆ ಬೇಕಾದುದನ್ನು ಮಾತ್ರ ಮುಂದೆ ತರತಕ್ಕದ್ದೆಂಬ ಸೂತ್ರವನ್ನು ಅಕ್ಷರಶಃ ಪಾಲಿಸಿದರೆ ಹೀಗಾಗುವುದು ಆಕಸ್ಮಿಕವಲ್ಲ.

೪

ಎರಡನೆಯ ಪ್ರಕರಣದಲ್ಲಿ ದಾಖಲೆಯನ್ನು ಬರೆದ ಯಂತ್ರವೇ ತಪ್ಪಿತು. ಬ್ರಿಟನ್ನಿನ ಪೋಸ್ಟ್ ಆಫೀಸ್ ಸಂಸ್ಥೆಯ ಬಹುಪಾಲು ಶಾಖೆಗಳನ್ನು ನಡೆಸುತ್ತಿದ್ದವರು ಸಂಬಳದ ನೌಕರರಲ್ಲ. ಕರಾರಿನ ಮೇಲೆ ಶಾಖೆಯನ್ನು ವಹಿಸಿಕೊಂಡ ಉಪ ಅಂಚೆಪಾಲಕರು. ಅವರಲ್ಲಿ ಹಲವರು ಹಳ್ಳಿಯ ಅಂಗಡಿಯ ಒಂದು ಮೂಲೆಯಲ್ಲಿ ಅಂಚೆ ಕಚೇರಿಯನ್ನಿಟ್ಟುಕೊಂಡವರು. ೧೯೯೯ರಿಂದ ಸಂಸ್ಥೆಯು ಶಾಖೆಗಳ ಲೆಕ್ಕವನ್ನೆಲ್ಲ ಕಾಗದದಿಂದ ತೆಗೆದು, ಫುಜಿತ್ಸು ಸಮೂಹವು ಒದಗಿಸಿದ ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಏರಿಸಿತು. ಸಾವಿರಾರು ಶಾಖೆಗಳ ಲೆಕ್ಕ ಒಂದೇ ಕಡೆಗೆ, ಒಂದೇ ರೂಪದಲ್ಲಿ ಬಂದು ಸೇರಿತು. ಸತ್ಯಕ್ಕೆ ಒಂದೇ ಮೂಲವೆಂಬ ಆದರ್ಶ ಇಲ್ಲಿ ಕೈಗೂಡಿದಂತೆಯೇ ಕಾಣುತ್ತಿತ್ತು.

ಆದರೆ ಶಾಖೆಗಳಲ್ಲಿ ಇದ್ದ ಹಣಕ್ಕೂ ಹೊರೈಜನ್ ತೋರಿಸುತ್ತಿದ್ದ ಮೊತ್ತಕ್ಕೂ ಅಂತರ ಬರತೊಡಗಿತು. ಅಂತರವನ್ನು ಸಂಸ್ಥೆಯು ಅಂಚೆಪಾಲಕರ ಸಾಲವೆಂದು ಪರಿಗಣಿಸಿತು. ಕೆಲವರು ಮನೆಯ ಉಳಿತಾಯದಿಂದ ತುಂಬಿಕೊಟ್ಟರು, ಕೆಲವರು ದಿವಾಳಿಯಾದರು, ಕೆಲವರು ಸೆರೆಮನೆಗೆ ಹೋದರು. ೧೯೯೯ರಿಂದ ೨೦೧೫ರವರೆಗೆ ೯೦೦ಕ್ಕೂ ಹೆಚ್ಚು ಮಂದಿ ಕಳವು, ಸುಳ್ಳುಲೆಕ್ಕಗಳ ಅಪರಾಧಿಗಳೆಂದು ತೀರ್ಮಾನವಾದರು. ಇವರಲ್ಲಿ ಹೆಚ್ಚಿನವರ ಮೇಲೆ ಮೊಕದ್ದಮೆ ಹೂಡಿದ್ದು ಪೋಸ್ಟ್ ಆಫೀಸೇ. ಸಹಾಯವಾಣಿಗೆ ಕರೆಮಾಡಿದವರಲ್ಲಿ ಅನೇಕರಿಗೆ ದೊರೆತ ಉತ್ತರ, ಇಂಥ ತೊಂದರೆ ನಿಮ್ಮೊಬ್ಬರದೇ ಎಂಬುದು. ಕಂಪ್ಯೂಟರಿನ ಸಾಕ್ಷ್ಯವನ್ನು ಹಾಜರುಪಡಿಸುವವರು ಯಂತ್ರವು ಸರಿಯಾಗಿತ್ತೆಂದು ತೋರಿಸಬೇಕೆಂದು ೧೯೮೪ರ ಶಾಸನದಲ್ಲಿದ್ದ ವಿಧಿಯು ೧೯೯೯ರ ಶಾಸನದಿಂದ ರದ್ದಾಗಿತ್ತು. ಅಲ್ಲಿಂದ ಮುಂದೆ, ವಿರುದ್ಧ ಸಾಕ್ಷ್ಯ ಸಿಕ್ಕುವವರೆಗೆ ಯಂತ್ರವು ಸರಿಯಾಗಿತ್ತೆಂದೇ ಭಾವಿಸುವುದು ಅಲ್ಲಿನ ಕಾನೂನಿನ ಕ್ರಮವಾಗಿತ್ತು.

ಅಲನ್ ಬೇಟ್ಸ್ ಎಂಬ ಮಾಜಿ ಉಪ ಅಂಚೆಪಾಲಕರ ಮುಂದಾಳುತನದಲ್ಲಿ ೫೫೫ ಮಂದಿ ಹೂಡಿದ ದಾವೆಯಲ್ಲಿ ೨೦೧೯ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಫ್ರೇಸರ್ ತೀರ್ಪಿತ್ತರು. ಹೊರೈಜನ್ ವ್ಯವಸ್ಥೆಯಲ್ಲಿ ದೋಷಗಳಿದ್ದುವೆಂದೂ, ಶಾಖೆಗಳ ಲೆಕ್ಕದಲ್ಲಿ ಕೊರತೆ ತೋರಿಸುವ ಸಾಮರ್ಥ್ಯ ಆ ದೋಷಗಳಿಗಿತ್ತೆಂದೂ, ಅಂಚೆಪಾಲಕರಿಗೆ ತಿಳಿಯದಂತೆ ದೂರದಿಂದಲೇ ಶಾಖೆಯ ಲೆಕ್ಕದೊಳಗೆ ನಮೂದುಗಳನ್ನು ಸೇರಿಸುವುದು ಫುಜಿತ್ಸುವಿನ ಸಿಬ್ಬಂದಿಗೆ ಸಾಧ್ಯವಿತ್ತೆಂದೂ ಸ್ಥಾಪಿತವಾಯಿತು. ೨೦೨೧ರ ಏಪ್ರಿಲಿನಲ್ಲಿ ಮೇಲ್ಮನವಿ ನ್ಯಾಯಾಲಯವು ೩೯ ಮಂದಿಯ ಶಿಕ್ಷೆಯನ್ನು ರದ್ದುಮಾಡಿತು; ೨೦೨೪ರ ಮೇ ತಿಂಗಳಲ್ಲಿ ಪಾರ್ಲಿಮೆಂಟು ಶಾಸನದ ಮೂಲಕವೇ ನೂರಾರು ಶಿಕ್ಷೆಗಳನ್ನು ತೊಡೆದುಹಾಕಿತು. ಅಷ್ಟರಲ್ಲಿ ಎಷ್ಟೋ ಮಂದಿ ತಮ್ಮ ಹೆಸರು ಶುದ್ಧವಾದುದನ್ನು ನೋಡದೆಯೇ ತೀರಿಕೊಂಡಿದ್ದರು.

ಇಲ್ಲಿ ನೀತಿಯ ದೋಷ ಎಲ್ಲಿದೆ? ಲೆಕ್ಕವನ್ನು ಒಂದೆಡೆ ಕೂಡಿಸಿದ್ದರಲ್ಲಿ ಅಲ್ಲ. ಕಂಪ್ಯೂಟರು ತಪ್ಪುಮಾಡಿತೆಂಬುದರಲ್ಲಿಯೂ ಪೂರ್ತಿಯಾಗಿ ಇಲ್ಲ. ಯಂತ್ರವೂ ತಪ್ಪುತ್ತದೆ, ಗುಮಾಸ್ತೆಯೂ ತಪ್ಪುತ್ತಾನೆ. ಕಾಗದದ ಕಾಲದಲ್ಲಿ ಅಂಚೆಪಾಲಕನು ತನ್ನ ಪುಸ್ತಕವನ್ನು ಹಿಂದಿರುಗಿ ನೋಡಿ, ಅಂತರ ಹುಟ್ಟಿದ ಸಾಲನ್ನು ಹುಡುಕಬಲ್ಲವನಾಗಿದ್ದನು. ಹೊಸ ವ್ಯವಸ್ಥೆಯಲ್ಲಿ ಮೊತ್ತಕ್ಕೆ ಹೊಣೆಗಾರಿಕೆ ಅವನದಾಗಿಯೇ ಉಳಿಯಿತು. ಮೊತ್ತವನ್ನು ಪರೀಕ್ಷಿಸುವ ಸಾಧನ ಅವನ ಕೈತಪ್ಪಿತು. ಒಂದೇ ಮೂಲವೆಂಬುದು ಒಬ್ಬನೇ ಸಾಕ್ಷಿಯೆಂದಾಯಿತು. ಆ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವ ಹಕ್ಕು ಯಾರಿಗೂ ಇರಲಿಲ್ಲ. ಸಂಸ್ಥೆಯ ಧ್ಯೇಯವಾದರೋ ಹೊರೈಜನ್ ನಂಬಿಕೆಗೆ ಅರ್ಹವೆಂದು ಲೋಕಕ್ಕೆ ತೋರಿಸುವುದಾಗಿತ್ತು. ಒಂದೊಂದು ದೂರೂ ಆ ಧ್ಯೇಯಕ್ಕೆ ಅಡ್ಡಬಂತು. ಆದ್ದರಿಂದ ದೂರುಗಳು ಬಿಡಿಬಿಡಿಯಾಗಿಯೇ ಉಳಿದುವು. ಒಂದೆಡೆ ಕೂಡಿಸಿ ಓದಿದ್ದರೆ ಆ ದೂರುಗಳೇ ಬಹು ಅಮೂಲ್ಯವಾದ ದತ್ತಾಂಶವಾಗುತ್ತಿದ್ದುವು.

೫

ಈ ಎರಡು ಪ್ರಕರಣಗಳನ್ನು ಕಂಡ ಮೇಲೆ ನಮ್ಮ ದೃಷ್ಟಿ ಸ್ವಾಭಾವಿಕವಾಗಿ ಪ್ರಾಚೀನವಾದ ಒಂದು ಗ್ರಂಥದ ಕಡೆಗೆ ಹರಿಯುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯು ೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದು, ಆರ್. ಶಾಮಶಾಸ್ತ್ರಿಗಳ ಸಂಪಾದಕತ್ವದಲ್ಲಿ ೧೯೦೯ರಲ್ಲಿ ಅಚ್ಚಾದುದು ನಮ್ಮ ನಾಡಿನ ವಿದ್ವತ್ತಿನ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಹಳೆಯದರಲ್ಲಿ ಎಲ್ಲವೂ ಇತ್ತೆಂದು ಸಾಧಿಸುವ ಹವ್ಯಾಸ ನಮಗಿಲ್ಲ. ಧ್ಯೇಯಕ್ಕೆ ದತ್ತಾಂಶವನ್ನು ಹೊಂದಿಸುವ ಪ್ರಶ್ನೆಯನ್ನು ಇಷ್ಟು ಮುಚ್ಚುಮರೆಯಿಲ್ಲದೆ ಎದುರಿಸಿದ ಗ್ರಂಥಗಳು ವಿರಳವಾದುದರಿಂದ ಅದನ್ನು ಇಲ್ಲಿ ತರುತ್ತಿದ್ದೇವೆ.

ಅಧ್ಯಕ್ಷಪ್ರಚಾರವೆಂಬ ಅದರ ಎರಡನೆಯ ಅಧಿಕರಣದಲ್ಲಿ ಅಕ್ಷಪಟಲವೆಂಬ ಲೆಕ್ಕದ ಕಚೇರಿಯ ವಿವರವಿದೆ. ಅಲ್ಲಿನ ಪುಸ್ತಕಗಳಲ್ಲಿ ಕಾರ್ಖಾನೆಗಳ ಉತ್ಪತ್ತಿ, ವಸ್ತುಗಳ ಬೆಲೆ, ಊರು ಕುಲ ಸಂಘಗಳ ಪದ್ಧತಿ ಮುಂತಾದುವನ್ನು ಬರೆದಿಡಬೇಕು. ಗೋಪನೆಂಬ ಅಧಿಕಾರಿ ಐದು ಅಥವಾ ಹತ್ತು ಹಳ್ಳಿಗಳ ಹೊಣೆ ಹೊತ್ತು ಎಲ್ಲೆ, ಹೊಲ, ಮನೆ, ಜನ, ದನ, ತೆರಿಗೆಗಳ ಎಣಿಕೆಯನ್ನು ಇಡಬೇಕು. ಧ್ಯೇಯ ಸ್ಪಷ್ಟ: ರಾಜನ ಬೊಕ್ಕಸ ತುಂಬಬೇಕು. ಇಲ್ಲಿಯವರೆಗೆ ಕೌಟಿಲ್ಯನೂ ನಮ್ಮ ಪಠ್ಯಪುಸ್ತಕಗಳೂ ಒಂದೇ ದಾರಿಯಲ್ಲಿವೆ.

ಅಲ್ಲಿಂದ ಮುಂದೆ ಕೌಟಿಲ್ಯನು ಎರಡು ಹೆಜ್ಜೆ ಹೆಚ್ಚಾಗಿ ಇಡುತ್ತಾನೆ. ಗೋಪನು ಕೊಟ್ಟ ಎಣಿಕೆಯನ್ನು ಅವನು ನಂಬಿ ಕುಳಿತುಕೊಳ್ಳುವುದಿಲ್ಲ. ಗೃಹಸ್ಥರ ವೇಷದ ಬೇರೆ ಜನರನ್ನು ಹಳ್ಳಿಗಳಲ್ಲಿ ನೆಲೆಗೊಳಿಸಿ, ಅದೇ ಹೊಲ, ಅದೇ ಮನೆ, ಅದೇ ಕುಟುಂಬಗಳ ಲೆಕ್ಕವನ್ನು ಪ್ರತ್ಯೇಕವಾಗಿ ತರಿಸುತ್ತಾನೆ. ಎಣಿಕೆಯಿಂದ ಹೆಸರು ಪಡೆಯುವವನೇ ಎಣಿಕೆಗೆ ಏಕಮಾತ್ರ ಸಾಕ್ಷಿಯಾಗಬಾರದೆಂಬುದು ಇದರ ತತ್ತ್ವ. ಎರಡನೆಯದಾಗಿ, ಅಧಿಕಾರಿಗಳು ಹಣ ಅಪಹರಿಸುವ ನಲವತ್ತು ಬಗೆಗಳನ್ನು ಎಣಿಸಿದ ಪ್ರಕರಣದಲ್ಲಿಯೇ, ತಪ್ಪಿತಸ್ಥನಾದ ಅಧಿಕಾರಿಯಿಂದ ನೊಂದವರು ಯಾರಾದರೂ ಇದ್ದರೆ ಬಂದು ತಿಳಿಸಬೇಕೆಂದು ಸಾರಿಸಿ, ನೊಂದವರಿಗೆ ನಷ್ಟವನ್ನು ತುಂಬಿಕೊಡಬೇಕೆಂದು ವಿಧಿಸುತ್ತಾನೆ. ದೂರು ಅವನ ದೃಷ್ಟಿಯಲ್ಲಿ ಆಡಳಿತಕ್ಕೆ ಅಡ್ಡಿಯಲ್ಲ, ಆಡಳಿತದ ದಾಖಲೆಯ ಒಂದು ಭಾಗ.

ಗೂಢಚಾರರ ಉಪಾಯವನ್ನು ಇಂದಿನ ಸಂಸ್ಥೆಗಳು ಅನುಕರಿಸಬೇಕೆಂದು ನಾವು ಖಂಡಿತ ಹೇಳುವುದಿಲ್ಲ; ರಹಸ್ಯವಾಗಿ ಜನರ ಮೇಲೆ ಕಣ್ಣಿಡುವುದು ಪ್ರಜಾಪ್ರಭುತ್ವಕ್ಕೆ ಹೊಂದುವಂಥದಲ್ಲ. ಉಪಾಯವನ್ನು ಬಿಟ್ಟು ತತ್ತ್ವವನ್ನು ಮಾತ್ರ ಉಳಿಸಿಕೊಳ್ಳೋಣ. ವೆಲ್ಸ್ ಫಾರ್ಗೊದಲ್ಲಿ ಕಾಣೆಯಾದದ್ದು ಮೊದಲನೆಯ ತತ್ತ್ವ. ಪೋಸ್ಟ್ ಆಫೀಸಿನಲ್ಲಿ ಕಾಣೆಯಾದದ್ದು ಎರಡನೆಯದು.

೬

ಈ ತತ್ತ್ವಗಳು ದೊಡ್ಡ ರಾಜ್ಯಗಳಿಗೆ ಮಾತ್ರ ಸಂಬಂಧಿಸಿದವೆಂದು ವಿದ್ಯಾರ್ಥಿಗಳು ತಿಳಿಯಬಾರದು. ಕರ್ನಾಟಕದ ಯಾವುದಾದರೂ ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಬೆಳಗ್ಗೆ ಅಥವಾ ಸಂಜೆ ಹೋಗಿ ನೋಡಬಹುದು. ಹಾಲಿನ ಅಳತೆ, ಕೊಬ್ಬಿನ ಅಂಶಗಳು ಸಂಘದ ಪುಸ್ತಕದಲ್ಲಿ ನಮೂದಾಗುತ್ತವೆ. ಅದೇ ಅಂಕಿ ಹಾಲು ತಂದ ಸದಸ್ಯೆಯ ಪುಸ್ತಕಕ್ಕೋ ಚೀಟಿಗೋ ಏರುತ್ತದೆ. ಹಣ ಬಟವಾಡೆಯ ದಿನ ಎರಡನ್ನೂ ತಾಳೆನೋಡಬಹುದು. ಅಂತರ ಬಂದರೆ ಆಕೆಯು ಕೈಯಲ್ಲಿ ಆಧಾರವಿಟ್ಟುಕೊಂಡೇ ಕೇಳಬಲ್ಲಳು. ಸಂಘದ ಧ್ಯೇಯಕ್ಕೆ, ಅಂದರೆ ಗುಣಕ್ಕೆ ತಕ್ಕ ಬೆಲೆ ಕೊಡುವುದಕ್ಕೆ, ಈ ದತ್ತಾಂಶ ಸಹಾಯಕವಾಗಿದೆ. ಧ್ಯೇಯವು ತಪ್ಪಿದರೆ ಅದನ್ನು ತೋರಿಸಿಕೊಡುವುದಕ್ಕೂ ಅದೇ ದತ್ತಾಂಶ ಸಮರ್ಥವಾಗಿದೆ. ಎರಡು ಕೈಗಳಲ್ಲಿ ಒಂದೇ ದಾಖಲೆಯಿರುವುದರಿಂದಲೇ ಇದು ಸಾಧ್ಯ.

ನಮ್ಮ ರಾಜ್ಯದ ಭೂಮಿ ಯೋಜನೆಯನ್ನು ಕೂಡ ಈ ಬೆಳಕಿನಲ್ಲಿ ನೋಡಬಹುದು. ಸುಮಾರು ೯,೦೦೦ ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ, ೬೭ ಲಕ್ಷ ಹಿಡುವಳಿದಾರರಿಗೆ ಸಂಬಂಧಿಸಿದ ಸುಮಾರು ೨ ಕೋಟಿ ಪಹಣಿಗಳನ್ನು ಕಂದಾಯ ಇಲಾಖೆಯು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕೇಂದ್ರಗಳಲ್ಲಿ ಆಗ ೧೫ ರೂಪಾಯಿಗೆ ಒಂದು ಪ್ರತಿಯನ್ನು ಕೊಡುವ ಏರ್ಪಾಡು ಮಾಡಿತು. ಕೇಂದ್ರದಲ್ಲಿ ಸಿಬ್ಬಂದಿಯ ಕಡೆಗೊಂದು ಪರದೆಯಿದ್ದರೆ ರೈತನ ಕಡೆಗೂ ಒಂದು ಪರದೆಯಿತ್ತು. ತನ್ನ ದಾಖಲೆಯಲ್ಲಿ ನಡೆಯುತ್ತಿರುವುದನ್ನು ಅವನು ಆಗಲೇ ನೋಡಬಹುದಾಗಿತ್ತು. ಬೆರಳಚ್ಚಿನ ಮೂಲಕ ಯಾವ ಅಧಿಕಾರಿ ಯಾವ ಬದಲಾವಣೆಗೆ ಹೊಣೆಯೆಂಬುದು ಗುರುತಾಗುತ್ತಿತ್ತು. ಇವು ಅದರ ಹೆಚ್ಚಳಗಳು. ಕೊರತೆಗಳೂ ಇದ್ದುವು. ಕೈಬರಹದ ಪಹಣಿಯಲ್ಲಿದ್ದ ತಪ್ಪು ಮುದ್ರಿತ ಪಹಣಿಗೂ ಬಂದಿತು. ಅಚ್ಚಾದ ಅಕ್ಷರಕ್ಕಿರುವ ಗೌರವವನ್ನೂ ಪಡೆಯಿತು. ದಾಖಲೆಯು ಒಂದೆಡೆ ಸೇರಿದ್ದರಿಂದ ಸಣ್ಣ ರೈತನಿಗಿಂತ ದೊಡ್ಡ ಪ್ರಮಾಣದಲ್ಲಿ ಭೂಮಿ ಕೊಳ್ಳುವವರಿಗೇ ಅನುಕೂಲವಾಯಿತೆಂದು ಸೊಲೊಮನ್ ಬೆಂಜಮಿನ್ ಮತ್ತು ಅವರ ಸಹಲೇಖಕರು ೨೦೦೭ರಲ್ಲಿ ವಾದಿಸಿದರು. ಅವರ ವಾದವನ್ನು ಪೂರ್ತಿ ಒಪ್ಪದವರೂ ಅದರ ಹಿಂದಿರುವ ಪ್ರಶ್ನೆಯನ್ನು ಬಿಟ್ಟುಬಿಡಲಾಗದು: ದತ್ತಾಂಶವು ಧ್ಯೇಯಕ್ಕೆ ಸಹಾಯಕವೆಂದಾಗ, ಅದು ಯಾರ ಧ್ಯೇಯ?

೭

ನಮ್ಮ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಪ್ರತಿಯೊಂದು ಅಂಕಿಯನ್ನೂ ಸಂಶಯಿಸುತ್ತ ಕುಳಿತರೆ ಯಾವ ತೀರ್ಮಾನವೂ ಆಗದು ಎಂಬುದು ಮೊದಲನೆಯದು. ಎಲ್ಲವನ್ನೂ ಸಂಶಯಿಸಬೇಕೆಂದು ನಾವು ಹೇಳುತ್ತಿಲ್ಲ. ಸಂಶಯ ಬಂದಾಗ ಅದಕ್ಕೆ ಒಂದು ಬಾಗಿಲಿರಲಿ ಎನ್ನುತ್ತಿದ್ದೇವೆ. ಎರಡು ಲೆಕ್ಕಗಳನ್ನಿಡುವುದು ದುಬಾರಿಯೆಂಬುದು ಎರಡನೆಯದು. ವೆಲ್ಸ್ ಫಾರ್ಗೊ ತೆತ್ತ ದಂಡವನ್ನೂ, ಬ್ರಿಟಿಷ್ ಸರ್ಕಾರವು ಅಂಚೆಪಾಲಕರಿಗೆ ಕೊಡಬೇಕಾಗಿ ಬಂದ ಪರಿಹಾರವನ್ನೂ ನೋಡಿದವರು ಮಿತವ್ಯಯದ ಈ ವಾದವನ್ನು ಎರಡನೆಯ ಸಲ ಮಂಡಿಸಲಾರರು. ದಂಡ ಪರಿಹಾರಗಳನ್ನು ಎಣಿಸಬಹುದು. ನಿರಪರಾಧಿಯೊಬ್ಬನು ಸೆರೆಮನೆಯಲ್ಲಿ ಕಳೆದ ದಿನಗಳಿಗೆ ಯಾವ ಪುಸ್ತಕದಲ್ಲಿಯೂ ಕಾಲಮ್ಮಿಲ್ಲ.

ಆದ್ದರಿಂದ ನಾವು ಆರಂಭದಲ್ಲಿ ಹೇಳಿದ ಸೂತ್ರವನ್ನು ತೆಗೆದುಹಾಕುವ ಬದಲು ಪೂರ್ಣಗೊಳಿಸಬೇಕೆಂದು ಸೂಚಿಸುತ್ತೇವೆ. ಧ್ಯೇಯವನ್ನು ಗೊತ್ತುಮಾಡುವಾಗಲೇ, ಯಾವ ಅಂಕಿ ಕಂಡುಬಂದರೆ ಆ ಧ್ಯೇಯವು ತಪ್ಪಿದೆಯೆಂದು ಒಪ್ಪಿಕೊಳ್ಳುವೆವೆಂಬುದನ್ನೂ ಬರೆದಿಡಬೇಕು. ಅಳತೆಯಿಂದ ಲಾಭ ಪಡೆಯುವವರ ಕೈಯಲ್ಲಿ ಮಾತ್ರ ಅಳತೆಗೋಲನ್ನು ಬಿಡಬಾರದು. ದಾಖಲೆಯು ಯಾರನ್ನು ಕುರಿತದ್ದೋ ಅವರಿಗೆ ಅದನ್ನು ನೋಡುವ, ಪ್ರಶ್ನಿಸುವ, ತಿದ್ದಿಸುವ ಹಕ್ಕಿರಬೇಕು. ಸ್ವಂತ ಮಾಹಿತಿಯನ್ನು ತಿಳಿಯುವ ಮತ್ತು ತಿದ್ದಿಸುವ ಹಕ್ಕನ್ನು ಭಾರತದ ಪಾರ್ಲಿಮೆಂಟು ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ ಅಂಗೀಕರಿಸಿರುವುದು ಈ ದಿಕ್ಕಿನಲ್ಲಿ ಒಂದು ಹೆಜ್ಜೆ. ಕೊನೆಯದಾಗಿ, ದೂರುಗಳು ಕೆಳಗಿನ ಮೇಜಿನಲ್ಲಿಯೇ ಕೊಳೆಯದೆ, ಕೂಡಿಸಲ್ಪಟ್ಟು, ಧ್ಯೇಯವನ್ನು ಗೊತ್ತುಮಾಡುವವರ ಮುಂದೆ ಬರಬೇಕು.

ಡಲ್ಲೆಮ್ಯೂಲ್ ಮತ್ತು ಡ್ಯಾವನ್‌ಪೋರ್ಟ್ ಅವರ ರಕ್ಷಣೆ, ಆಕ್ರಮಣಗಳ ಜೊತೆಗೆ ಮೂರನೆಯದಾಗಿ ನಾವು ಪರೀಕ್ಷಣವನ್ನು ಸೇರಿಸುತ್ತೇವೆ. ಮೊದಲೆರಡು ಸಂಸ್ಥೆಯನ್ನು ಹೊರಗಿನವರಿಂದ ಕಾಯುತ್ತವೆ, ಹೊರಗಿನವರ ಮುಂದೆ ಗೆಲ್ಲಿಸುತ್ತವೆ. ಮೂರನೆಯದು ಸಂಸ್ಥೆಯನ್ನು ಅದರಿಂದಲೇ ಕಾಯುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನಾಳೆ ಬ್ಯಾಂಕುಗಳಲ್ಲಿ, ಇಲಾಖೆಗಳಲ್ಲಿ, ಕಂಪನಿಗಳಲ್ಲಿ ಅಂಕಿಗಳ ಮುಂದೆ ಕುಳಿತುಕೊಳ್ಳತಕ್ಕವರು. ಧ್ಯೇಯವನ್ನು ಮೆಚ್ಚಿಸುವ ಅಂಕಿಯೊಂದು ಕೈಗೆ ಬಂದಾಗ, ಇದಕ್ಕೆ ಇನ್ನೊಂದು ಪುಸ್ತಕ ಎಲ್ಲಿದೆಯೆಂದು ಕೇಳುವ ಅಭ್ಯಾಸವನ್ನು ಅವರಲ್ಲಿ ಬೆಳೆಸುವುದು ಅಧ್ಯಾಪಕರಾದ ನಮ್ಮ ಕರ್ತವ್ಯ. ಉತ್ತರಪತ್ರಿಕೆಯಲ್ಲಿ ಆ ಸೂತ್ರವಾಕ್ಯ ಮುಂದಿನ ಸಲ ಕಂಡುಬಂದಾಗ, ಅದರ ಪಕ್ಕದಲ್ಲಿ ಪೂರ್ಣಾಂಕ ಬರೆಯುವ ಮೊದಲು ನಾವು ಆ ಪ್ರಶ್ನೆಯನ್ನು ಬರೆಯಬೇಕಾಗಿದೆ.